ಅಂಚಿನ ಮಗ್ಗುಲು

ಹಾಡುಹಗಲು, ನಾಲ್ಕು ಜನ ಓಡಾಡುವ ಅಂಗಡಿಯಲ್ಲಿ ಬೂಟು ಬಿಚ್ಚಿಟ್ಟು ಅಂಗಾತ ಮಲಗಿದವನು ಎಷ್ಟು ದೊಡ್ಡ ಮನುಷ್ಯನಾದರೂ ಅಷ್ಟೇ, ಅವನ ಮರ್ಯಾದೆ ಬೂಟಿನ ಜೊತೆ ಕೆಳಗೇ ಕೂತಿರುತ್ತದೆ. ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿರುವುದು ಮಲಗಿದ ಮೇಲೆಯೇ ಅವನ ಕಣ್ಣಿಗೆ ಬಿತ್ತು. ಬೆಳಿಗ್ಗೆ ಹೆಂಡತಿ ಬಡಕೊಂಡಿದ್ದಳು, ಹೋಗೋದು ಹಾಸಿಗೆ ಅಂಗಡಿಗೆ, ಒಳ್ಳೇದು ಹಾಕ್ಕೊಂಡು ಹೋಗಿ ಅಂತ. ನನ್ನ ಕಾಲು ಯಾರು ನೋಡ್ತಾರೆ ಅಂದಿದ್ದ. ಈಗ ಆ ಇಡೀ ಅಂಗಡಿಯಲ್ಲಿ ನೋಡುವಂಥದ್ದು ಅದೊಂದೇ ಅನ್ನಿಸುತ್ತಿತ್ತು: ಸುತ್ತ ಬೆಳ್ಳಗೆ, ಅಗಲಕ್ಕೆ, ಯಾರೂ ಮಲಗಿ ಏಳದ ಹಾಸಿಗೆಗಳ ಸಾಲು, ನಡುವೆ ಅರವತ್ತರ ಹತ್ತಿರದ ಒಬ್ಬ ಕನ್ನಡಕದಂಗಡಿಯವನ ಹೆಬ್ಬೆರಳು. ಅದನ್ನು ಇನ್ನೊಂದು ಪಾದದ ಕೆಳಗೆ ಬಚ್ಚಿಡಲು ನೋಡಿದ. ಹಾಸಿಗೆ ಮೆತ್ತಗೆ ಕಾಲನ್ನು ಮೇಲಕ್ಕೇ ಎತ್ತಿಕೊಟ್ಟಿತು, ಇಗೋ ನೋಡಿ ಎನ್ನುವ ಹಾಗೆ.

“ಹೇಗಿದೆ ಸರ್? ತೇಲಿದ ಹಾಗೆ ಆಗ್ತಿದೆ ಅಲ್ವಾ?” ಅಂದಳು ಅಂಗಡಿಯಾಕೆ. ನಲವತ್ತರ ಆಸುಪಾಸಿನ ಹೆಂಗಸು. ಮಗುವನ್ನು ತಟ್ಟಿ ಮಲಗಿಸುವ ದನಿ.

“ಆಗ್ತಿದೆ,” ಅಂದ. ಹಾಗೇನೂ ಆಗುತ್ತಿರಲಿಲ್ಲ. ಆಕೆ ಕೇಳಿದ ರೀತಿಗೆ ಬೇರೆ ಉತ್ತರ ಬಾಯಿಗೆ ಬರಲಿಲ್ಲ, ಅಷ್ಟೇ.

“ನೋಡಿ ಮೇಡಂ, ಯಜಮಾನ್ರಿಗೆ ಒಪ್ಪಿಗೆ ಆಯ್ತು. ನೀವೂ ಪಕ್ಕದಲ್ಲಿ ಮಲಗಿ ನೋಡಿ. ಗಂಡ ಹೆಂಡ್ತಿ ಒಟ್ಟಿಗೆ ಮಲಗಿದ್ರೇನೇ ಈ ಹಾಸಿಗೆ ಏನು ಅಂತ ಗೊತ್ತಾಗೋದು.”

ಅವನು ಗಡಬಡಿಸಿ ಏಳಲು ಹೋಗಿ, ಕೈಯೂರಿದಲ್ಲಿ ಹಾಸಿಗೆ ಒಳಕ್ಕೆ ಇಳಿದು, ಮತ್ತೆ ಮಗುವಿನಂತೆ ಬಿದ್ದ. ಕಾಲ ಬುಡದಲ್ಲಿ ನಿಂತಿದ್ದ ಅಕ್ಕ ನಕ್ಕಳು. “ಇವನು ಯಜಮಾನ ಅಲ್ಲಮ್ಮ, ನನ್ನ ತಮ್ಮ. ಯಜಮಾನಿಕೆ ಏನಿದ್ರೂ ನಂದೇ, ಇವನು ಹುಟ್ಟಿದಾಗಿಂದ.”

“ಅಯ್ಯೋ, ತಪ್ಪು ತಿಳ್ಕೋಬೇಡಿ.”

“ತಪ್ಪೇನು ಬಂತು. ಆ ಮುಖ ನೋಡಿದ್ರೆ ಯಾರಾದ್ರೂ ಗಂಡ ಅಂತಲೇ ಅಂದ್ಕೋಬೇಕು, ಅಷ್ಟು ಬೆದರಿದ್ದಾನೆ.”

ಅಂಗಡಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನೂ ನಗಬೇಕಾಯಿತು. ಅಕ್ಕ ಮಾತ್ರ ನಿಂತ ಭಂಗಿ ಬದಲಿಸಲಿಲ್ಲ. ಮೊಣಕೈಗೆ ಜೋತು ಬಿದ್ದ ಕೈಚೀಲ, ಸೊಂಟದ ಮೇಲೆ ಒಂದು ಕೈ. ಬಂದಾಗಿನಿಂದ ಒಂದು ಹಾಸಿಗೆಯ ಮೇಲೂ ಅವಳು ಕೂತಿರಲಿಲ್ಲ. ಪ್ರತಿಯೊಂದನ್ನೂ ಎರಡು ಬೆರಳಲ್ಲಿ ಒತ್ತಿ, ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ನೋಡುವವಳಂತೆ ನೋಡಿ, “ಎಲ್ಲಾ ಒಂದೇ ಕಣೋ” ಎಂದು ಮುಂದೆ ಹೋಗುತ್ತಿದ್ದಳು. “ನೀನೇ ಮಲಗಿ ನೋಡು. ನಿನಗೆ ಯಾವುದು ಸರಿ ಅನ್ಸುತ್ತೋ ಅದೇ.” ಬೆನ್ನು ನೋವು ಅವಳದು, ಮಲಗಿ ನೋಡುತ್ತಿರುವವನು ಇವನು.

ನಿನಗೆ ಯಾವುದು ಸರಿಯೋ ಅದೇ. ಈ ಮಾತನ್ನು ಅಕ್ಕ ಎಷ್ಟು ಸಲ ಹೇಳಿಲ್ಲ. ಡಾಕ್ಟರು ಅವಳ ಬೆನ್ನಿನ ಚಿತ್ರ ತೆಗೆಸಿ, ದೀಪದ ಮುಂದೆ ಹಿಡಿದು, ಬೆನ್ನೆಲುಬಿನ ಕೆಳಗಿನ ಎರಡು ಮಣಿಗಳ ನಡುವೆ ಸವೆದಿದೆ, ಮೊದಲು ಆ ಹಳೇ ಹಾಸಿಗೆ ಬಿಸಾಕಿ ಅಂದ ದಿನದಿಂದ ಅವನು ಒಂದೇ ಹಟ ಹಿಡಿದಿದ್ದ: ಸೈಕಲ್ ಅಂಗಡಿಯ ಮಹಡಿ ಮೇಲಿನ ಆ ಎರಡು ಕೋಣೆ ಬಿಟ್ಟು ನಮ್ಮ ಮನೆಗೆ ಬಂದುಬಿಡು. ಅವನ ಹೆಂಡತಿ ಹಿಂದಿನ ಕೋಣೆಯಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಖಾಲಿ ಮಾಡಿ, ಕಿಟಕಿಗೆ ಹೊಸ ಪರದೆ ಹೊಲಿದು ಹಾಕಿದ್ದಳು. ಅಕ್ಕ ಬಂದು ಪರದೆ ಮುಟ್ಟಿ ನೋಡಿ, ಬಣ್ಣ ಚೆನ್ನಾಗಿದೆ ಅಂದಿದ್ದಳು. ಯಾವಾಗ ಬರ್ತೀರಿ ಅಂದರೆ, ನೋಡೋಣ ಅಂದಿದ್ದಳು. ಅವರ ಮನೆತನದಲ್ಲಿ ನೋಡೋಣ ಎಂದರೆ ಹೂಂ ಎಂದೂ ಆಗಬಹುದು, ಊಹೂಂ ಎಂದೂ ಆಗಬಹುದು, ಸುಮ್ಮನಿರು ಎಂದೂ ಆಗಬಹುದು. ಅವನು ಹೂಂ ಎಂದು ಹಿಡಿದಿದ್ದ. ಹೆಂಡತಿ ಅವನಿಗಿಂತ ಜಾಣೆ. “ಮೊದಲು ಹಾಸಿಗೆ ತಂದು ಹಾಕಿಸಿ. ಹಾಸಿಗೆ ಬಂದು ಬಿದ್ರೆ ಮನುಷ್ಯರು ಅದರ ಹಿಂದೇನೇ ಬರ್ತಾರೆ,” ಅಂದಿದ್ದಳು. ಆ ಬುದ್ಧಿಯನ್ನೇ ಅಂಗಿಯ ಜೇಬಿನಲ್ಲಿಟ್ಟುಕೊಂಡು ಇವತ್ತು ಕನ್ನಡಕದಂಗಡಿಗೆ ಬೀಗ ಹಾಕಿ, ಸುಮ್ಮನೆ ನೋಡಿ ಬರೋಣ ಬಾ ಎಂದು ಅಕ್ಕನನ್ನು ಕರೆತಂದದ್ದು. ಸುಮ್ಮನೆ ಎಂಬ ಮಾತು ಹೇಳುವಾಗ ಅವನ ದನಿ ಎಷ್ಟು ಜಾರಿತೆಂದರೆ ಅವನಿಗೇ ಕೇಳಿಸಿತು.

ಅಂಗಡಿಯಾಕೆ ಅಷ್ಟರಲ್ಲಿ ಒಂದು ಹಾಸಿಗೆಯ ಮೂಲೆಯನ್ನು ಕೇಕಿನ ಹಾಗೆ ಕತ್ತರಿಸಿಟ್ಟ ಮಾದರಿಯೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದಳು. “ಇದರ ಹೊಟ್ಟೆ ಒಳಗೆ ಏನಿದೆ ನೋಡಿ ಮೇಡಂ. ಫೋಮ್ ಇಲ್ಲ, ಪ್ಲಾಸ್ಟಿಕ್ ಇಲ್ಲ. ಮೇಲೆ ಕುರಿ ಉಣ್ಣೆ. ಅದರ ಕೆಳಗೆ ಹತ್ತಿ. ಇದು ಕುದುರೆ ಬಾಲದ ಕೂದಲು, ಮುಟ್ಟಿ ನೋಡಿ, ಗಾಳಿ ಆಡುತ್ತೆ. ಇದು ತೆಂಗಿನ ನಾರು. ಈ ತೆಳುವಾದ್ದು ರೇಷ್ಮೆ. ಎಲ್ಲಾ ಭೂಮಿ ಮೇಲೆ ಹುಟ್ಟಿದ್ದು.”

“ಕುದುರೆ ಒಂದು ಬಿಟ್ರೆ,” ಅಂದಳು ಅಕ್ಕ, “ನಮ್ಮಮ್ಮನ ಹಾಸಿಗೇಲೂ ಇವೆಲ್ಲ ಇತ್ತು. ಅಲ್ವೇನೋ?”

ಇತ್ತು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದವಳು. ಅಲ್ಲಿ ಹರಿದು ತೆಗೆದುಹಾಕಿದ ನೀಲಿ ಗೀರಿನ ದಪ್ಪ ಬಟ್ಟೆಯನ್ನು ಕೇಳಿ ತಂದು, ಮನೆಯ ಉದ್ದಕ್ಕೂ ಹಾಸಿ, ಮಂಡಿಯೂರಿ ಕೂತು ಒಂದು ದೊಡ್ಡ ಚೀಲ ಹೊಲಿದಿದ್ದಳು. ಆ ಚೀಲದೊಳಗೆ ಏನು ಹೋಗಲಿಲ್ಲ? ಯಾರದೋ ಸತ್ತ ಸೋಫಾದ ನಾರು, ಸಿಡಿದ ದಿಂಬುಗಳ ಹತ್ತಿ, ಅಪ್ಪ ಇದ್ದಾಗ ಹಾಕಿಕೊಳ್ಳುತ್ತಿದ್ದ ಸ್ವೆಟರನ್ನು ಬಿಚ್ಚಿ ಬಿಡಿಸಿದ ಉಣ್ಣೆ. ಕಡೆಯಲ್ಲಿ ತನ್ನ ಒಂದೇ ಒಂದು ರೇಷ್ಮೆಯ ತುಂಡು, ಹುಳ ತಿಂದು ಜರಡಿಯಾದದ್ದು, ಅದನ್ನು ನಾಲ್ಕು ಮಡಿಕೆ ಮಾಡಿ ತಲೆಯ ಕಡೆ ಇಟ್ಟು, ಇನ್ನು ಮೇಲೆ ನೀವು ರೇಷ್ಮೆ ಮೇಲೆ ಮಲಗೋ ಜನ, ಸೊಕ್ಕು ಬಂದೀತು ಜೋಕೆ ಅಂದಿದ್ದಳು. ಬಿಸಿಲಿಗೆ ಹಾಕಿ ಕೋಲಲ್ಲಿ ಬಡಿದ ದಿನ ಆ ಹಾಸಿಗೆ ಬಿಸಿ ಧೂಳಿನದೊಂದು ವಾಸನೆ ಕಟ್ಟಿಕೊಂಡು ಒಳಗೆ ಬರುತ್ತಿತ್ತು, ಒಣಹುಲ್ಲು, ಸಾಬೂನು, ಎಲ್ಲೋ ಅಡಿಯಲ್ಲಿ ಅಪ್ಪನ ಕಂಕುಳು. ಸಂಜೆಯ ಹೊತ್ತಿಗೇ ನಾಲ್ಕೂ ಮಕ್ಕಳು ಅದರ ಮೇಲೆ ಬಿದ್ದು ಮೂಗು ಒತ್ತುತ್ತಿದ್ದರು. ಅಪ್ಪ ಇಲ್ಲಿದ್ದಾನೆ ಎಂದು ತಂಗಿ ಒಂದು ಜಾಗ ತೋರಿಸುತ್ತಿದ್ದಳು. ಇಲ್ಲ, ಇಲ್ಲಿ ಎಂದು ಅಣ್ಣ ಇನ್ನೊಂದು. ಅಕ್ಕ ಎರಡೂ ಕಡೆ ಮೂಸಿ ತೀರ್ಪು ಕೊಡುತ್ತಿದ್ದಳು. ಅವನಿಗೆ ಈ ಕ್ಷಣ, ದೀಪಗಳ ಸಾಲಿನ ಕೆಳಗೆ, ಆ ಬೆಳ್ಳನೆ ಹಾಸಿಗೆಗೆ ಮೂಗು ತಾಗಿಸಿ ನೋಡಬೇಕೆನ್ನಿಸಿತು. ತಲೆ ಹೊರಳಿಸಿ ನೋಡಿಯೂ ನೋಡಿದ. ಏನೂ ಇರಲಿಲ್ಲ. ಹೊಸತು ಎಂಬುದರ ವಾಸನೆ, ಅಂದರೆ ಯಾರೂ ಇಲ್ಲ ಎಂಬುದರ ವಾಸನೆ.

“ಅದರ ಕೆಳಗಿರೋದೇ ಮುಖ್ಯ,” ಅಂಗಡಿಯಾಕೆ ನಾರಿನ ಪದರ ಎತ್ತಿ ತೋರಿಸಿದಳು. ಬಿಳಿ ಬಟ್ಟೆಯ ಪುಟ್ಟ ಪುಟ್ಟ ಚೀಲಗಳು, ಒಂದರ ಪಕ್ಕ ಒಂದು ನಿಂತಿದ್ದವು, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಸುರುಳಿ. “ಹಳೇ ಥರದ್ರಲ್ಲಿ ಸ್ಪ್ರಿಂಗು ಎಲ್ಲಾ ಒಂದಕ್ಕೊಂದು ಕಟ್ಟಿರ್ತಿತ್ತು. ಒಂದನ್ನ ಒತ್ತಿದ್ರೆ ಹತ್ತು ಅಲ್ಲಾಡೋವು. ಇದರಲ್ಲಿ ಹಾಗಿಲ್ಲ. ಒಂದೊಂದು ಸ್ಪ್ರಿಂಗಿಗೂ ಅದರದೇ ಜೇಬು.”

“ಒಂದೊಂದಕ್ಕೂ ಅದರದೇ ಕೋಣೆ ಅನ್ನಿ,” ಅಂದಳು ಅಕ್ಕ. ಬಗ್ಗಿ, ಒಂದು ಚೀಲವನ್ನು ಬೆರಳಲ್ಲಿ ಅದುಮಿದಳು. ಪಕ್ಕದ್ದು ಅಲ್ಲಾಡಲಿಲ್ಲ. ಮತ್ತೆ ಅದುಮಿದಳು. “ಪುಣ್ಯ ಮಾಡಿದ್ದಾವೆ.”

ಆ ಮಾತನ್ನು ಅವಳು ತಮಾಷೆಗೇ ಆಡಿದ್ದು. ಆದರೆ ಬೆರಳನ್ನು ಅಲ್ಲಿಂದ ತಕ್ಷಣ ತೆಗೆಯಲಿಲ್ಲ, ಅದು ಅವನ ಕಣ್ಣಿಗೆ ಬಿತ್ತು. ಇಂಥ ಸಣ್ಣವು ಅವನ ಕಣ್ಣಿಗೆ ಬೀಳುತ್ತವೆ, ಕಸುಬು ಅದೇ ಅಲ್ಲವೆ. ಏನು ಮಾಡುವುದೆಂದು ಮಾತ್ರ ತಿಳಿಯುವುದಿಲ್ಲ.

ಅಮ್ಮನ ಹಾಸಿಗೆಯಲ್ಲಿ ಯಾರಿಗೂ ಜೇಬಿರಲಿಲ್ಲ. ನಾಲ್ಕೂ ಜನ ಅಡ್ಡಡ್ಡ ಮಲಗಬೇಕು, ಕಾಲಿನ ಕಡೆಗೆ ಮಡಚಿದ ಗೋಣಿಚೀಲ. ಗೋಡೆಗೆ ಅಣ್ಣ, ಆಮೇಲೆ ತಂಗಿ, ಆಮೇಲೆ ಅವನು, ಕಡೆಯಲ್ಲಿ ಅಕ್ಕ. ಅಂಗಾತ ಮಲಗುವಷ್ಟು ಜಾಗ ಯಾರಿಗೂ ಇರಲಿಲ್ಲ, ಎಲ್ಲರೂ ಒಂದೇ ಮಗ್ಗುಲಾಗಿ, ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಚಮಚಗಳ ಹಾಗೆ. ಒಬ್ಬರ ತೋಳು ಜೋಮು ಹಿಡಿದರೆ ಒಬ್ಬರೇ ಹೊರಳಲು ಬರುತ್ತಿರಲಿಲ್ಲ, ಮೊಣಕಾಲು ಮೂಗಿಗೆ ಬಡಿಯುತ್ತಿತ್ತು. ಅದಕ್ಕೇ ಹುಟ್ಟಿದ್ದು ಆ ಮಾತು. ತಡೆಯಲಾರದವರು ಕತ್ತಲಲ್ಲಿ ಒಂದೇ ಮಾತು ಹೇಳಬೇಕು: ಮಗ್ಗುಲು! ಆಗ ನಾಲ್ಕೂ ಮೈ ನಿದ್ದೆಯಲ್ಲೇ ಒಟ್ಟಿಗೆ ಅತ್ತಿಂದಿತ್ತ ಹೊರಳುತ್ತಿದ್ದವು, ಪುಸ್ತಕದ ಹಾಳೆ ತಿರುವಿದ ಹಾಗೆ. ಬೆಳಿಗ್ಗೆ ಯಾರು ಹೇಳಿದ್ದು ಎಂದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಅಣ್ಣ ಕಿಡಿಗೇಡಿತನಕ್ಕೇ ಒಂದರ ಹಿಂದೆ ಒಂದು ಮಗ್ಗುಲು ಮಗ್ಗುಲು ಎಂದು ಹೇಳಿ ಎಲ್ಲರನ್ನೂ ತೊಟ್ಟಿಲಿನಂತೆ ತೂಗಿ, ಅಮ್ಮನಿಂದ ಬೆನ್ನಿಗೆ ಹಾಕಿಸಿಕೊಂಡದ್ದುಂಟು. ತಂಗಿ ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಬಸ್ಸಿನಲ್ಲಿ ನಿದ್ದೆಗಣ್ಣಲ್ಲಿ ಮಗ್ಗುಲು ಅಂದು, ಪಕ್ಕದ ಸೀಟಿನ ದಪ್ಪ ಹೆಂಗಸು ಏನಮ್ಮಾ ಅಂದಳಂತೆ. ಆ ಕಥೆ ಹೇಳಿ ಹೇಳಿ ನಾಲ್ಕೂ ಜನ ಕಣ್ಣೀರು ಬರುವಷ್ಟು ನಕ್ಕಿದ್ದಾರೆ. ಕತ್ತಲಲ್ಲಿ ಮಗ್ಗುಲು ಎಂದು ಅವನೂ ಹೇಳುತ್ತಿದ್ದ, ಅವನೇ ಎಲ್ಲರಿಗಿಂತ ಹೆಚ್ಚು. ಅಕ್ಕ ಮಾತ್ರ ಆ ಮಾತನ್ನು ಒಂದು ದಿನವೂ ಹೇಳಿದ್ದಿಲ್ಲ.

ಇದು ಅವನಿಗೆ ಹೊಳೆದದ್ದು ತೀರಾ ತಡವಾಗಿ, ತನ್ನ ಕೂದಲು ನರೆತ ಮೇಲೆ. ಹೊಳೆದದ್ದೇ ಮುಳ್ಳಾಗಿ ಕೂತುಬಿಟ್ಟಿತು. ಅಂಚಿನಲ್ಲಿದ್ದವಳು ಅವಳು, ಅರ್ಧ ಬೆನ್ನು ಹಾಸಿಗೆಯ ಮೇಲೆ, ಅರ್ಧ ಬೆನ್ನು ತಣ್ಣನೆಯ ನೆಲದ ಮೇಲೆ. ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅವಳಿಗೆ. ಕೇಳಲೇ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿ, ಟ್ರೇನಿಂಗಿಗೆಂದು ಅವಳು ತಗಡಿನ ಪೆಟ್ಟಿಗೆ ಹಿಡಿದು ಹೊರಟಾಗ ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ. ಬಸ್ಸಿನ ಹಿಂದೆ ಓಡಿ ಮಂಡಿ ತರಚಿಕೊಂಡಿದ್ದ. ಅದೇ ದಿನ ಮಲಗಿದಾಗ, ಅಳು ಇನ್ನೂ ಗಂಟಲಲ್ಲಿರುವಾಗಲೇ, ಎಡಗಾಲು ತಾನಾಗಿ ಆ ಖಾಲಿ ಜಾಗಕ್ಕೆ ಚಾಚಿಕೊಂಡಿತು. ಆಹಾ ಅನ್ನಿಸಿತು. ಆ ಆಹಾ ಅವನ ಕಾಲಿನಿಂದ ಇವತ್ತಿಗೂ ಹೋಗಿಲ್ಲ. ಡಾಕ್ಟರು ಸವೆದ ಮಣಿಗಳನ್ನು ತೋರಿಸಿದಾಗ ಅವನು ನೋಡಿದ್ದು ಮಣಿಗಳನ್ನಲ್ಲ, ಆ ನೆಲವನ್ನು. ಇಂಥ ದುಬಾರಿ ಹಾಸಿಗೆ ಹುಡುಕಿಕೊಂಡು ಬಂದದ್ದೂ ಅದಕ್ಕೇ, ಅಕ್ಕನನ್ನು ಒಂದು ಸಲ ನಟ್ಟನಡುವೆ ಮಲಗಿಸಿ ನೋಡಬೇಕು ಎಂದು. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೆಂಡತಿ.

“ಏನಾಯ್ತು? ಮಲಗಿದ್ರಾ?”

“ನಾನು ಮಲಗಿದ್ದೀನಿ.”

“ನೀವು ಮಲಗೋಕೆ ಹೋಗಿದ್ದಾ? ಅದು ಮನೇಲೂ ಆಗ್ತಿತ್ತು. ಅತ್ತಿಗೆ ಮಲಗಿದ್ರಾ ಅಂತ ಕೇಳಿದ್ದು.”

“ಇಲ್ಲ, ನೋಡೋಣ ಅಂತಿದ್ದಾಳೆ,” ಅಂದ ಪಿಸುದನಿಯಲ್ಲಿ.

“ನೋಡೋಣ ಅಂದ್ರೆ ಮುಗೀತು. ಜಾಸ್ತಿ ಕೇಳೋಕೆ ಹೋಗ್ಬೇಡಿ, ನಮ್ಮನೆ ವಿಳಾಸ ಬರೆಸಿ ಬಂದ್ಬಿಡಿ.”

ಫೋನು ಒಳಗಿಟ್ಟು ನೋಡಿದರೆ ಅಕ್ಕ ಅವನನ್ನೇ ನೋಡುತ್ತಿದ್ದಳು. ಅವಳ ಕಿವಿಯ ಬಗ್ಗೆ ಅವನು ಮರೆಯಬಾರದಿತ್ತು. ಎಕ್ಸ್‌ಚೇಂಜಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಊರವರ ಮಾತು ಸಿಕ್ಕಿಸಿಕೊಂಡು ಕೂತ ಕಿವಿ ಅದು. ಅವನ ಅನ್ನ ಹುಟ್ಟಿದ್ದೂ ಅದೇ ಕಿವಿಯಿಂದ: ಕನ್ನಡಕ ಮಾಡುವ ಮುದುಕರೊಬ್ಬರು ಯಾರಿಗೋ ಫೋನಿನಲ್ಲಿ, ನನಗೊಬ್ಬ ತಾಳ್ಮೆ ಇರೋ ಹುಡುಗ ಬೇಕು ಕಣಯ್ಯ, ಜಾಣರು ಬೇಡ ಎಂದು ಗೋಳಾಡಿದ್ದನ್ನು ಕೇಳಿಸಿಕೊಂಡು, ಕೇಳಿಸಿಕೊಳ್ಳಬಾರದ್ದನ್ನು, ಸಂಜೆ ಮನೆಗೆ ಬಂದು, “ಲೋ ಮಿಣುಕ, ಬೆಳಿಗ್ಗೆ ಆ ಅಂಗಡಿಗೆ ಹೋಗು. ಜಾಣ ಅಲ್ಲ ಅಂತ ಹೇಳು,” ಅಂದಿದ್ದಳು. ಚಿಕ್ಕಂದಿನಲ್ಲಿ ಕಣ್ಣು ಪಿಳಿಪಿಳಿ ಮಾಡುತ್ತಿದ್ದನೆಂದು ಅವಳಿಟ್ಟ ಹೆಸರು ಮಿಣುಕ. ಈಗ ಹಾಗೆ ಕರೆಯುವವಳು ಅವಳೊಬ್ಬಳೇ.

ಆ ಮುದುಕರು ಮೊದಲು ಕಲಿಸಿದ್ದು ಗಾಜು ಉಜ್ಜುವುದನ್ನಲ್ಲ, ಕೇಳುವುದನ್ನು. ಕಣ್ಣಿನ ಮುಂದೆ ಒಂದು ಗಾಜು ಹಿಡಿದು, ತೆಗೆದು ಇನ್ನೊಂದು ಹಿಡಿದು, ಇದಾ, ಅದಾ ಎಂದು ಕೇಳಬೇಕು. “ನಿನ್ನ ದನಿ ವಾಲಬಾರದು,” ಅನ್ನುತ್ತಿದ್ದರು. “ತಕ್ಕಡಿ ಹಿಡಿದ ಹಾಗಿರಬೇಕು. ಇದು ಚೆನ್ನಾಗಿದೆ ಅಲ್ವಾ ಅಂದ್ಯೋ, ಪಾಪದವರು ಹೌದು ಅಂದ್ಬಿಡ್ತಾರೆ. ಕುರುಡ ಕೂಡ ಕಾಣ್ತಿದೆ ಅಂತಾನೆ, ನೀನು ಆಸೆಯಿಂದ ಕೇಳಿದ್ರೆ. ಆಮೇಲೆ ಬೇರೆಯವರ ಕಣ್ಣು ಹೊತ್ಕೊಂಡು ಮನೆಗೆ ಹೋಗಿ ತಲೆನೋವು ಅನ್ನುತ್ತೆ ಆ ಜೀವ.” ಅದನ್ನು ಕಲಿಯಲು ಅವನಿಗೆ ವರ್ಷಗಳು ಹಿಡಿದವು. ಆಸೆಯನ್ನು ದನಿಯಿಂದ ಸೋಸಿ ತೆಗೆದು ಮಾತು ಮಾತ್ರ ಉಳಿಸುವುದು ಸಣ್ಣ ವಿದ್ಯೆಯಲ್ಲ. ಅಂಗಡಿಯಲ್ಲಿ ಅದು ಈಗ ಅವನಿಗೆ ಉಸಿರಾಟದಷ್ಟು ಸಲೀಸು. ಮನೆಗೆ ಬಂದರೆ ಆ ದನಿಯನ್ನು ಅಂಗಡಿಯಲ್ಲೇ ಬೀಗ ಹಾಕಿ ಬಂದಿರುತ್ತಾನೆ.

“ಮಲಗು ಅಕ್ಕ, ಒಂದ್ಸಲ,” ಅಂದ. “ಚೆನ್ನಾಗಿದೆ. ನಿಜವಾಗ್ಲೂ.”

ಅವಳು ನಿಟ್ಟುಸಿರು ಬಿಟ್ಟು, ಚಪ್ಪಲಿ ಬಿಟ್ಟು, ಹಾಸಿಗೆಯ ಅಂಚಿಗೆ ಕೂತಳು. ಆಮೇಲೆ ಸೊಂಟ ಹಿಡಿದುಕೊಂಡು, ಒಂದೊಂದೇ ಕಾಲು ಎತ್ತಿಟ್ಟು, ಮೆಲ್ಲಗೆ ಅಡ್ಡಾದಳು. ಕೈಚೀಲ ಎದೆಯ ಮೇಲೇ ಇತ್ತು. ಆಳುದ್ದ ಅಗಲದ ಹಾಸಿಗೆ. ಅವನಿಗೂ ಅವಳಿಗೂ ನಡುವೆ ಇನ್ನಿಬ್ಬರು ಮಲಗಬಹುದಿತ್ತು. ಆದರೂ ಅವಳ ಬಲಗೈ ಹಾಸಿಗೆಯ ಹೊರಗೆ ತೂಗುತ್ತಿತ್ತು. ಒಂದು ಗೇಣು ಅತ್ತ ಸರಿದರೆ ಬಿದ್ದಾಳು.

“ಈ ಕಡೆ ಬಾ ಅಕ್ಕ, ಬಿದ್ದೀಯ.”

“ಬೀಳಲ್ಲ ಬಿಡು. ಅಂಚಲ್ಲಿ ಮಲಗಿ ಅಭ್ಯಾಸ.”

“ಅದಕ್ಕೇ ಹೇಳ್ತಿರೋದು. ಇನ್ನಾದ್ರೂ ನಡುವೆ ಮಲಗು.” ದೀಪಗಳನ್ನು ನೋಡುತ್ತಲೇ ಹೇಳಿದ, ಮುಖ ನೋಡಿದರೆ ಹೇಳಲಾಗುತ್ತಿರಲಿಲ್ಲ. “ಆಗೆಲ್ಲ ಅರ್ಧ ಮೈ ನೆಲಕ್ಕೆ ಹಾಕ್ಕೊಂಡು ನಮಗೆ ಜಾಗ ಬಿಟ್ಕೊಟ್ಟೆ. ಬೆನ್ನು ಹೋಗಿದ್ದು ಅದ್ರಿಂದಾನೇ. ನನಗೆ ಗೊತ್ತಿಲ್ವಾ.”

“ಯಾರು ಬಿಟ್ಕೊಟ್ಟಿದ್ದು?”

“ನೀನು.”

“ಸುಮ್ನಿರೋ. ಆ ಜಾಗಕ್ಕೆ ನಾನು ನಿಮ್ಮಣ್ಣನ ಜುಟ್ಟು ಹಿಡಿದು ಜಗಳ ಆಡಿದ್ದೀನಿ. ನಿನಗೆಲ್ಲಿ ನೆನಪಿರುತ್ತೆ, ಬಾಯಲ್ಲಿ ಬೆರಳು ಇತ್ತು ಆಗ. ಗೋಡೆ ಕಡೆ ಅವನು ತಗೊಂಡ, ಅಂಚು ನಾನು ತಗೊಂಡೆ. ನಡುವೆ ಸಿಕ್ಕಿಹಾಕ್ಕೊಂಡಿದ್ದು ನೀವಿಬ್ಬರು, ಪಾಪ.”

“ನೆಲ ತಣ್ಣಗಿರ್ತಿತ್ತಲ್ಲ.”

“ಇರ್ತಿತ್ತು. ಎಷ್ಟು ಚೆನ್ನಾಗಿರ್ತಿತ್ತು ಗೊತ್ತಾ.” ಅವಳು ತೂಗುತ್ತಿದ್ದ ಕೈಯನ್ನು ಗಾಳಿಯಲ್ಲೇ ಸ್ವಲ್ಪ ಅತ್ತಿತ್ತ ಆಡಿಸಿದಳು, ನೀರಿಗೆ ಇಳಿಬಿಟ್ಟವಳಂತೆ. “ಈ ಕಡೆ ನೀನು ಅಂಟ್ಕೊಂಡಿರ್ತಿದ್ದೆ, ಮೂಗು ಸೊರಸೊರ ಅನ್ನಿಸ್ಕೊಂಡು, ಕೆಂಡದ ಹಾಗೆ ಬಿಸಿ. ಆ ಕಡೆ ಯಾರೂ ಇರ್ತಿರಲಿಲ್ಲ. ಕೈ ಚಾಚಿದ್ರೆ ಏನೂ ಸಿಕ್ತಿರಲಿಲ್ಲ. ಆ ಮನೇಲಿ ಕೈಗೆ ಯಾರೂ ಸಿಗದ ಜಾಗ ಅಂತ ಇದ್ದಿದ್ದು ಅದೊಂದೇ ಕಣೋ. ಆಮೇಲೆ ಎಕ್ಸ್‌ಚೇಂಜಿಗೆ ಹೋದೆ. ಅಲ್ಲೂ ಅಷ್ಟೇ, ಈ ಕಿವೀಲಿ ಒಬ್ಬರು ಆ ಕಿವೀಲಿ ಒಬ್ಬರು. ಮಹಡಿ ಹತ್ತಿ ಬಾಗಿಲು ಹಾಕ್ಕೊಂಡ್ರೆ...” ಅಲ್ಲಿಗೆ ನಿಲ್ಲಿಸಿದಳು. ಕೈಚೀಲದ ಕೊಂಡಿಯನ್ನು ಒಮ್ಮೆ ತೆಗೆದು ಮತ್ತೆ ಹಾಕಿದಳು. ಟಕ್ ಎಂದಿತು.

ಇಷ್ಟು ವರ್ಷದ ಮುಳ್ಳು ಕಿತ್ತುಬಂದ ಜಾಗದಲ್ಲಿ ಹಗುರವಾಗಬೇಕಿತ್ತು, ಆಗಲಿಲ್ಲ, ಒಂಥರಾ ಅವಮಾನವಾಯಿತು. ಯಾರದೋ ನಂಬರಿನ ಕನ್ನಡಕ ಹಾಕಿಕೊಂಡು ಇಷ್ಟು ಕಾಲ ಅಕ್ಕನನ್ನು ನೋಡಿದ್ದೆನಲ್ಲ ಎಂದುಕೊಂಡ, ಅದೂ ನಾನು, ನಾನೇ ಮಾಡಿದ ಕನ್ನಡಕ. ಹಿಂದಿನ ಕೋಣೆಯ ಪರದೆ ನೆನಪಾಯಿತು. ಆ ಕೋಣೆಗೆ ಎರಡು ಬಾಗಿಲು. ಒಂದು ಅಡಿಗೆಮನೆಗೆ, ಒಂದು ಅವರ ಕೋಣೆಗೆ. ಗಾಳಿ ಬೆಳಕು ಚೆನ್ನಾಗಿದೆ, ಏನು ಬೇಕಾದರೂ ಒಂದು ಕೂಗು ಹಾಕಿದರೆ ಸಾಕು ಎಂದು ಅವನು ಹೆಮ್ಮೆಯಿಂದ ಅಕ್ಕನಿಗೆ ತೋರಿಸಿದ್ದ. ಅವಳು ಪರದೆಯ ಬಣ್ಣ ಚೆನ್ನಾಗಿದೆ ಅಂದಿದ್ದಳು. ಪರದೆಯ ಬಣ್ಣ ಮಾತ್ರ.

“ಈಗ ನೋಡಿ ಮೇಡಂ,” ಅಂಗಡಿಯಾಕೆ ಉತ್ಸಾಹದಿಂದ ಮುಂದೆ ಬಂದಳು. ಅಕ್ಕ ತಮ್ಮ ಏನೋ ಹಳೇ ಮಾತಾಡುತ್ತಿದ್ದಾರೆಂದು ಇಷ್ಟು ಹೊತ್ತು ದೂರ ನಿಂತಿದ್ದಳು. “ನೀವು ಕಣ್ಣು ಮುಚ್ಕೊಳ್ಳಿ. ಸರ್, ನೀವು ಹೊರಳಿ. ಜೋರಾಗಿ ಹೊರಳಿ, ಸಂಕೋಚ ಬೇಡ.”

ಅಕ್ಕ ಕಣ್ಣು ಮುಚ್ಚಿದಳು. ಅವನು ಹೊರಳಿದ, ಅವಳಿಗೆ ಬೆನ್ನು ಮಾಡಿ. ಮತ್ತೆ ಈಚೆಗೆ ಹೊರಳಿದ. ಅವಳ ಮುಖ ನೋಡುತ್ತಾ ಕಾದ. ರೆಪ್ಪೆ ಕೂಡ ಅಲುಗಲಿಲ್ಲ.

“ಹೊರಳಿದ್ಯಾ?” ಅಂದಳು, ಕಣ್ಣು ಮುಚ್ಚಿಕೊಂಡೇ.

“ಎರಡು ಸಲ.”

“ಸುಳ್ಳು.”

“ಅಮ್ಮನಾಣೆ.”

“ಗೊತ್ತೇ ಆಗ್ಲಿಲ್ಲ.” ಅವಳ ಮುಖದ ಮೇಲೆ ಏನೋ ಹರಡಿತು. ಕನ್ನಡಕ ಸರಿಯಾಗಿ ಕೂತಾಗ ಜನರ ಮುಖದಲ್ಲಿ ಹಾಗೆ ಹರಡುವುದನ್ನು ಅವನು ಸಾವಿರ ಸಲ ನೋಡಿದ್ದಾನೆ. ಬಾಯಿ ಮಾತಾಡುವುದಕ್ಕೆ ಮುಂಚೆ ಹಣೆ ಹೇಳಿಬಿಡುತ್ತದೆ. “ಇದು,” ಅಂದಳು. “ಇದಾಗಬಹುದು.”

“ನಾನು ಹೇಳಲಿಲ್ವಾ,” ಅಂಗಡಿಯಾಕೆ ಗೆದ್ದ ದನಿಯಲ್ಲಿ ಅಂದಳು. “ಅಳತೆ ಯಾವುದು ಹಾಕಲಿ? ಒಬ್ಬರದಾ, ಇಬ್ಬರದಾ? ಎಲ್ಲಿಗೆ ಕಳಿಸ್ಬೇಕು, ಅದೂ ಹೇಳ್ಬಿಡಿ ಸರ್.”

ಕೇಳಿದ್ದು ಅವನನ್ನು. ಎದ್ದು ಕೂತ. ಕಾಲುಚೀಲದ ಹೆಬ್ಬೆರಳು ಮತ್ತೆ ಕಂಡಿತು, ಇರಲಿ ಬಿಡು ಅನ್ನಿಸಿತು. ಮನೆಯ ವಿಳಾಸ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿಬಿಟ್ಟರೆ ಅಕ್ಕ ಬೇಡ ಅನ್ನುವವಳಲ್ಲ, ಅವನಿಗೆ ಗೊತ್ತು. ನಿನಗೆ ಯಾವುದು ಸರಿಯೋ ಅದೇ ಎಂದು ಪೆಟ್ಟಿಗೆ ಕಟ್ಟಿಕೊಂಡು ಬರುತ್ತಾಳೆ. ಬಂದು ಎರಡು ಬಾಗಿಲಿನ ನಡುವೆ ಮಲಗುತ್ತಾಳೆ, ಅವನ ಹೆಂಡತಿಯ ಅಡಿಗೆ ಹೊಗಳುತ್ತಾಳೆ, ಬೆನ್ನು ಹೇಗಿದೆ ಎಂದರೆ ಪರವಾಗಿಲ್ಲ ಅನ್ನುತ್ತಾಳೆ. ಬೆಳಿಗ್ಗೆ ಎದ್ದು ಅವನು ಹಿಂದಿನ ಕೋಣೆಯಲ್ಲಿ ಅಕ್ಕನ ಕೆಮ್ಮು ಕೇಳುತ್ತಾನೆ. ಆ ಕೆಮ್ಮು ಕೇಳಬೇಕೆಂಬ ಆಸೆ ಅವನಿಗೆ ಅಷ್ಟಿತ್ತು. ಮತ್ತೊಮ್ಮೆ ಆ ಮಗ್ಗುಲಲ್ಲಿ ಯಾರೋ ಇದ್ದಾರೆ ಎಂದು ಗೊತ್ತಾಗುತ್ತಾ ಮಲಗಬೇಕು, ಇಷ್ಟೇ ತಾನೇ ಅವನು ಬಯಸಿದ್ದು. ಅಕ್ಕನಿಗೆ ಜಾಗ ಕೊಡಲೆಂದು ಬಂದಿರಲಿಲ್ಲ. ಅವಳ ಬಿಸಿ ಬೇಕಾಗಿ ಬಂದಿದ್ದ.

ಕಣ್ಣು ಪಿಳಿಪಿಳಿ ಆಯಿತು. ಗಂಟಲು ಸರಿಮಾಡಿಕೊಂಡ. ಮುದುಕರನ್ನು ನೆನೆದುಕೊಂಡ. ಆಮೇಲೆ, ಮನೆಯವರ ಮುಂದೆ ಎಂದೂ ತೆಗೆಯದ ಆ ದನಿಯನ್ನು, ಬೀಗ ಹಾಕಿ ಬಂದಿದ್ದ ಅಂಗಡಿಯ ದನಿಯನ್ನು ಹೊರಗೆ ತೆಗೆದ. ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವಂತೆ ಹಿಡಿದು ಕೇಳಿದ.

“ನಮ್ಮ ಮನೆಯಾ, ನಿನ್ನ ಮನೆಯಾ?”

ಅಕ್ಕ ಕಣ್ಣು ಬಿಟ್ಟಳು. ಅವನ ಮುಖವನ್ನು ನೋಡಲಿಲ್ಲ. ತಲೆ ಸ್ವಲ್ಪ ವಾಲಿಸಿ, ಆ ದನಿ ಮುಗಿದ ಮೇಲೂ ಅದನ್ನೇ ಕೇಳುತ್ತಿರುವವಳಂತೆ ಇದ್ದಳು. ಎಷ್ಟು ಜನರ ದನಿ ಕೇಳಿದ ಕಿವಿ. ಅದರಲ್ಲಿ ಎಲ್ಲಾದರೂ ಒಂದು ಎಳೆ ಆಸೆ, ಒಂದು ಎಳೆ ಮುನಿಸು ಇದೆಯೋ ಎಂದು ಹುಡುಕುತ್ತಿದ್ದಳೋ ಏನೋ.

“ಎರಡನೇದು,” ಅಂದಳು.

“ಸರಿ,” ಅಂದ. ಸರಿ ಎನ್ನುವಾಗಲೂ ದನಿ ವಾಲಲಿಲ್ಲ, ಅದೊಂದು ಸಮಾಧಾನ.

“ನಿನ್ನ ಹೆಂಡ್ತಿ ಪರದೆ ಹೊಲಿದಿದ್ದಾಳೆ.”

“ಪರದೆಗೇನು, ಕಿಟಕಿ ನೋಡ್ಕೊಂಡಿರುತ್ತೆ.”

“ವಾರಕ್ಕೊಂದ್ಸಲ ಬರ್ತೀನಿ. ಊಟಕ್ಕೆ. ಸಾಯಂಕಾಲ ಹೊರಟುಬಿಡ್ತೀನಿ.”

“ನೋಡೋಣ,” ಅಂದ. ಅವಳು ಒಮ್ಮೆಲೇ ನಕ್ಕಳು, ನಕ್ಕಿದ್ದಕ್ಕೆ ಬೆನ್ನು ಹಿಡಿದು ಅಯ್ಯಪ್ಪಾ ಅಂದಳು.

ಅಂಗಡಿಯಾಕೆ ಪೆನ್ನು ಹಿಡಿದು ಇಬ್ಬರ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದಳು. ಅಕ್ಕ ಸೈಕಲ್ ಅಂಗಡಿಯ ಮೇಲು ಮಹಡಿ ಎಂದು ಹೇಳಿ ಬರೆಸಿದಳು. ಮೆಟ್ಟಿಲು ಕಿರಿದು, ತಿರುವಿನಲ್ಲಿ ಎತ್ತಿ ಹೊರಳಿಸಬೇಕು, ಗೋಡೆ ಸುಣ್ಣ ಬಿದ್ದರೆ ಕೆಳಗಿನವನು ಕೂಗಾಡುತ್ತಾನೆ ಎಂದೂ ಸೇರಿಸಿದಳು.

“ಅಳತೆ, ಮೇಡಂ? ಒಬ್ಬರದು ಅಲ್ವಾ?”

“ದೊಡ್ಡದೇ ಹಾಕಿ.”

“ಇಬ್ಬರದ್ದು? ಒಬ್ಬರಿಗೇ ತಾನೇ?”

“ಒಬ್ಬಳಿಗೇ. ಅದಕ್ಕೇ.”

ಅಂಗಡಿಯಾಕೆಗೆ ಅರ್ಥವಾಗಲಿಲ್ಲ, ಆದರೆ ದೊಡ್ಡದು ಎಂದು ಬರೆದುಕೊಂಡು ಬೇಗ ಮೇಜಿನ ಕಡೆ ಹೋದಳು. ಅವನು ಹಾಸಿಗೆಯಿಂದ ಇಳಿದು, ಬೂಟಿಗೆ ಕಾಲು ತೂರಿಸಿ, ಸುತ್ತಿ ಬಂದು ಅಕ್ಕನ ಕಡೆ ನಿಂತ, ಏಳಲು ಕೈ ಕೊಡೋಣವೆಂದು. ಅವಳು ಕೈ ಚಾಚಿದಳು. ಚಾಚಿದ್ದು ಏಳಲಿಕ್ಕಲ್ಲ, ಇಷ್ಟು ಹೊತ್ತೂ ಬಿಡದೆ ಹಿಡಿದಿದ್ದ ಕೈಚೀಲವನ್ನು ಅವನ ಕೈಗೆ ಕೊಟ್ಟಳು. “ಹಿಡ್ಕೊ ಸ್ವಲ್ಪ,” ಅಂದಳು.

ಆಮೇಲೆ ಮೊಣಕೈಯೂರಿ, ಇಂಚಿಂಚೇ ಸರಿದು, ಹಾಸಿಗೆಯ ನಟ್ಟನಡುವೆ ಬಂದಳು. ಎರಡೂ ಕೈ ಚಾಚಿದಳು. ಕಾಲು ಚಾಚಿದಳು, ಮೊದಲು ಒಂದು, ನೋವು ಬಂತೋ ಏನೋ ತಡೆದು, ಆಮೇಲೆ ಇನ್ನೊಂದು. ಯಾವ ಕಡೆಯೂ ಅವಳಿಗೆ ಯಾರೂ ಸಿಗಲಿಲ್ಲ. ಬೆರಳುಗಳು ಆ ಬಿಳಿ ಬಟ್ಟೆಯ ಮೇಲೆ ಅತ್ತ ಇತ್ತ ಸ್ವಲ್ಪ ಹುಡುಕಿ, ಸಿಗದೆ, ಹಾಗೇ ತೆರೆದು ಮಲಗಿದವು. ಅವನು ಅಂಚಿನಲ್ಲಿ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದ. ಜೇಬಿನಲ್ಲಿ ಫೋನು ಮತ್ತೆ ಗುಂಯ್ ಅನ್ನುತ್ತಿತ್ತು, ಎತ್ತಲಿಲ್ಲ. ಆಚೆ ಸಾಲಿನಲ್ಲಿ ಯಾರೋ ಗಂಡ ಹೆಂಡತಿ ದಿಂಬು ಒತ್ತಿ ನೋಡುತ್ತಾ ಜಗಳವಾಡುತ್ತಿದ್ದರು.

ಅಕ್ಕನ ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಅಲುಗಿತು. ಜನ್ಮದಲ್ಲಿ ಮೊದಲ ಸಲ, ಯಾರಿಗೂ ಅಲ್ಲ, ತನಗೆ ತಾನೇ ಹೇಳಿಕೊಳ್ಳುವಂತೆ ಮೆಲ್ಲಗೆ ಅಂದಳು:

“ಮಗ್ಗುಲು.”

ಅಂದು, ಒಬ್ಬಳೇ, ಯಾರನ್ನೂ ಕಾಯದೆ ಹೊರಳಿದಳು. ಹಾಸಿಗೆ ಸದ್ದಿಲ್ಲದೆ ಅವಳಿಗೆ ಜಾಗ ಕೊಟ್ಟಿತು. ಅಂಚಿನಲ್ಲಿ ನಿಂತವನ ಎಡಭುಜವೂ ಅವನನ್ನು ಕೇಳದೆ, ನಿಂತಲ್ಲೇ, ಅತ್ತ ಹೊರಳಿತು.